ಬಯಲು ಮತ್ತು ಅಟ್ಟ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ - ಈ ಐದೂ ಬಯಲುಸೀಮೆಯ ತಾಲ್ಲೂಕು ಪಟ್ಟಣಗಳು. 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಇವು ಸೇರಿವೆ. ಇವುಗಳಲ್ಲಿ ಯಾವ ಪಟ್ಟಣಕ್ಕೆ ಹೋದರೂ ಸಂತೆಯ ಮಗ್ಗುಲಲ್ಲಿಯೋ, ಗುಡಿಯ ಮುಂದೆಯೋ, ಕೆರೆಯಂಗಳದ ಅಂಚಿನಲ್ಲಿಯೋ ಒಂದಿಷ್ಟು ತೆರಪಾದ ನೆಲ ಕಣ್ಣಿಗೆ ಬೀಳುತ್ತದೆ. ಹಗಲಿನಲ್ಲಿ ಅಲ್ಲಿ ದನಗಳು ಮೇಯುತ್ತವೆ, ಹುಡುಗರು ಚೆಂಡಾಡುತ್ತಾರೆ, ಯಾರೋ ಒಬ್ಬಾಕೆ ಮೆಣಸಿನಕಾಯಿ ಒಣಹಾಕುತ್ತಾಳೆ. ಕಚೇರಿಯ ಕಾಗದಗಳಲ್ಲಿ ಅದಕ್ಕೆ 'ಖಾಲಿ ಜಾಗ' ಎಂದು ಹೆಸರು. ಒಂದು ದಿನ ಬೆಳಿಗ್ಗೆ ನಾಲ್ಕು ಆಳುಗಳು ಬಂದು ಅಲ್ಲಿ ಕುಳಿ ತೋಡಿ ಗಳ ನೆಡುತ್ತಾರೆ. ಹೊತ್ತು ಮುಳುಗುವಷ್ಟರಲ್ಲಿ ಹಂದರ ಎದ್ದಿರುತ್ತದೆ. ರಾತ್ರಿಯಾಯಿತೆಂದರೆ ಇಡೀ ಊರು ಅಲ್ಲಿ ನೆರೆದಿರುತ್ತದೆ. ವಾರ ಕಳೆಯುವುದರೊಳಗೆ ಹಂದರವೂ ಇಲ್ಲ, ಜನರೂ ಇಲ್ಲ. ದನಗಳು ಮತ್ತೆ ಬಂದಿರುತ್ತವೆ. ಇಂತಹ ನೆಲವನ್ನು ಖಾಲಿ ಎನ್ನಬಹುದೆ?

ಈ ಕಟ್ಟುವ ಬಿಚ್ಚುವ ಕೆಲಸವನ್ನು ವಾಸ್ತುಶಿಲ್ಪವೆಂದು ಯಾರೂ ಕರೆಯುವುದಿಲ್ಲ. ವಾಸ್ತುಶಿಲ್ಪವೆಂದರೆ ಕಲ್ಲಿನದು ಎಂಬ ಭಾವನೆ ಜನರಲ್ಲಿ ಬೇರೂರಿದೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿರುವ ಕಲ್ಲೇಶ್ವರ ದೇವಾಲಯ, ಹಡಗಲಿ ತಾಲ್ಲೂಕಿನ ಕುರುವತ್ತಿಯಲ್ಲಿರುವ ಮಲ್ಲಿಕಾರ್ಜುನ ದೇವಾಲಯ ಇವುಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ಬರುವುದು ಯೋಗ್ಯವೂ ಹೌದು. ಆದರೆ ಒಂದು ಊರಿನ ಜನ ಒಂದೆಡೆ ಸೇರಿ ನಗುವುದಕ್ಕೆ, ಅಳುವುದಕ್ಕೆ, ಜಗಳವಾಡಿ ರಾಜಿಯಾಗುವುದಕ್ಕೆ ಎಡೆ ಮಾಡಿಕೊಟ್ಟದ್ದು ಕಲ್ಲಿನ ಕಟ್ಟಡಕ್ಕಿಂತ ಹೆಚ್ಚಾಗಿ ಗಳ, ಹಗ್ಗ, ಹಲಗೆಗಳ ಕಟ್ಟಡ. ಅದು ಬೆಳಗಾದರೆ ಉಳಿಯುವುದಿಲ್ಲವಾದ್ದರಿಂದ ಅದಕ್ಕೆ ಶಾಸನವೂ ಇಲ್ಲ, ಚರಿತ್ರೆಯೂ ಇಲ್ಲ.

ಈ ಸೀಮೆಯ ದೊಡ್ಡಾಟವನ್ನೇ ನೋಡಬಹುದು. ದೊಡ್ಡಾಟಕ್ಕೆ ಬಯಲಾಟವೆಂಬ ಹೆಸರಿದೆ. ಅಟ್ಟದಾಟವೆಂಬ ಹೆಸರೂ ಉಂಟು. ಬಯಲು ಅದು ನಡೆಯುವ ನೆಲ, ಅಟ್ಟ ಆ ನೆಲದ ಮೇಲೆ ಒಂದು ರಾತ್ರಿಯ ಮಟ್ಟಿಗೆ ಕಟ್ಟುವ ರಂಗ. ಒಂದು ಕಲೆಗೆ ಅದು ನಡೆಯುವ ನೆಲದಿಂದಲೂ ಅದಕ್ಕಾಗಿ ಕಟ್ಟುವ ಮರದ ಕಟ್ಟಡದಿಂದಲೂ ಹೆಸರು ಬಂದಿರುವುದು ಗಮನಿಸತಕ್ಕ ಸಂಗತಿ. ಸುಗ್ಗಿ ಮುಗಿದು ಕಣದ ಕಾಳು ಮನೆ ಸೇರಿದ ಮೇಲೆ ರೈತರಿಗೆ ಸ್ವಲ್ಪ ಬಿಡುವು. ಆಗ ಆಟ ಕಲಿಸುವ ಮಾಸ್ತರರು ಊರಿಗೆ ಬರುತ್ತಾರೆ. ಭಾರತದ್ದೋ ರಾಮಾಯಣದ್ದೋ ಒಂದು ಪ್ರಸಂಗ ಗೊತ್ತಾಗುತ್ತದೆ. ಹಗಲೆಲ್ಲ ಹೊಲದಲ್ಲಿ ದುಡಿದವರು ರಾತ್ರಿ ಮಾತು, ಪದ, ಕುಣಿತಗಳನ್ನು ಕಲಿಯುತ್ತಾರೆ. ತಿಂಗಳುಗಟ್ಟಲೆ ಈ ಕಲಿಕೆ ನಡೆದ ಮೇಲೆ ಆಟದ ದಿನ ನಿಶ್ಚಯವಾಗುತ್ತದೆ.

ಅಟ್ಟ ಕಟ್ಟುವುದು ಒಬ್ಬರ ಕೆಲಸವಲ್ಲ. ಕಂಬಗಳು ಒಬ್ಬರ ಮನೆಯಿಂದ, ತೊಲೆಗಳು ಇನ್ನೊಬ್ಬರ ಮನೆಯಿಂದ ಬರುತ್ತವೆ; ಹಲಗೆಗಳನ್ನು ಎಲ್ಲೆಲ್ಲಿಂದಲೋ ಕೇಳಿ ತರುತ್ತಾರೆ. ನಾಲ್ಕು ಮೂಲೆಗೆ ಕಂಬ ನೆಟ್ಟು, ಎದೆಯೆತ್ತರಕ್ಕೆ ತೊಲೆ ಕಟ್ಟಿ, ಮೇಲೆ ಹಲಗೆ ಹಾಸಿದರೆ ರಂಗ ಸಿದ್ಧವಾದಂತೆ. ಹಿಂದುಗಡೆ ಒಂದು ಪರದೆ. ಮುಂದುಗಡೆ ಬಾಳೆಯ ಕಂಬ, ಮಾವಿನ ತೋರಣ, ಬಣ್ಣದ ಕಾಗದ. ಹಲಗೆಗಳಿಗೆ ಗಟ್ಟಿಯಾಗಿ ಮೊಳೆ ಬಡಿಯುವ ರೂಢಿ ಇಲ್ಲ. ಭೀಮನೋ ದುರ್ಯೋಧನನೋ ಗೆಜ್ಜೆ ಕಟ್ಟಿಕೊಂಡು ಹೆಜ್ಜೆ ಇಟ್ಟರೆ ಸಡಿಲವಾದ ಆ ಹಲಗೆಗಳು ದಡದಡನೆ ಮೊಳಗಬೇಕು. ಆ ಸದ್ದು ಕುಣಿತದ ಒಂದು ಅಂಗವೇ ಆಗಿದೆ. ಸಿಮೆಂಟಿನ ವೇದಿಕೆಯ ಮೇಲೆ ದೊಡ್ಡಾಟ ಕುಣಿದವರ ಕಾಲು ನೋಯುತ್ತದೆ. ನೋಡುವವರಿಗೂ ಏನೋ ಕೊರತೆ ಎನ್ನಿಸುತ್ತದೆ. ಹಿಂದೆ ಹಿಲಾಲುಗಳ ಬೆಳಕಿನಲ್ಲಿ ನಡೆಯುತ್ತಿದ್ದ ಆಟಕ್ಕೆ ಗ್ಯಾಸ್ ದೀಪ ಬಂದಿತು, ಅನಂತರ ವಿದ್ಯುತ್ತು ಬಂದಿತು. ಅಟ್ಟ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ನೋಡುವವರಿಗೆ ಆಸನಗಳಿಲ್ಲ. ಅವರವರ ಕಂಬಳಿ, ಚಾಪೆ, ಗೋಣಿಚೀಲಗಳನ್ನು ಅವರವರೇ ತಂದು ಹಾಸಿಕೊಳ್ಳುತ್ತಾರೆ. ಗಣಪತಿಯ ಸ್ತುತಿಯಿಂದ ಮೊದಲಾದ ಆಟ ಬೆಳಗಿನ ಮಂಗಳದವರೆಗೂ ನಡೆಯುತ್ತದೆ. ನಡುವೆ ನೆಂಟರು ಇಷ್ಟರು ಅಟ್ಟವನ್ನೇರಿ ಪಾತ್ರಧಾರಿಗೆ ಬಟ್ಟೆಬರೆ ಆಯೇರಿ ಮಾಡುತ್ತಾರೆ. ಅದನ್ನು ಕೂಗಿ ಹೇಳುವುದೂ ಉಂಟು. ಸಭೆಗೂ ರಂಗಕ್ಕೂ ನಡುವೆ ಗೋಡೆಯಿಲ್ಲದಿರುವಾಗ ಇದು ಸಹಜವಾಗಿ ನಡೆಯುವ ಮಾತು.

ಬಯಲಿನಲ್ಲಿ ಕಟ್ಟಿ ಬಿಚ್ಚುವ ಈ ವಿದ್ಯೆ ಹಳ್ಳಿಯವರಿಗೆ ಮಾತ್ರ ಸೇರಿದುದಲ್ಲ. ಇದೇ ಜಿಲ್ಲೆಯ ಹಂಪೆಯಲ್ಲಿ ಅರಸರೂ ಇದನ್ನು ಬಲ್ಲವರಾಗಿದ್ದರು. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪಾರಸೀಕ ರಾಯಭಾರಿ ಅಬ್ದುಲ್ ರಜಾಕನು ಮಹಾನವಮಿಯ ಉತ್ಸವವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ವಿಶಾಲವಾದ ಬಯಲಿನಲ್ಲಿ ಎರಡು ಅಂತಸ್ತಿನಿಂದ ಐದು ಅಂತಸ್ತಿನವರೆಗಿನ ಮಂಟಪಗಳನ್ನು ನಿಲ್ಲಿಸಿ ಅವುಗಳನ್ನು ಮೇಲಿನಿಂದ ಕೆಳಗಿನವರೆಗೆ ಚಿತ್ರಗಳಿಂದ ಅಲಂಕರಿಸಿದ್ದರೆಂದೂ, ಅವುಗಳಲ್ಲಿ ಕೆಲವು ತಿರುಗುವಂತಿದ್ದುವೆಂದೂ ಅವನು ಹೇಳುತ್ತಾನೆ. ಇಂದು ಹಂಪೆಗೆ ಹೋದವರು ಮಹಾನವಮಿ ದಿಬ್ಬದ ಕಲ್ಲನ್ನು ಕಾಣುತ್ತಾರೆ. ಆ ಮಂಟಪಗಳ ಒಂದು ಗಳುವೂ ಉಳಿದಿಲ್ಲ. ಹಬ್ಬ ನಡೆದದ್ದು ಮಾತ್ರ ಅವುಗಳ ನಡುವೆ.

ದೊಡ್ಡಾಟದ ಬಳಿಕ ಬಂದದ್ದು ನಾಟಕ ಕಂಪನಿ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯ ಹೆಸರನ್ನು ಕೇಳದವರು ವಿರಳ. ಹರಪನಹಳ್ಳಿಗೆ ನೆರೆಯ ದಾವಣಗೆರೆಯಲ್ಲಿ ಚಿಂದೋಡಿ ವೀರಪ್ಪನವರ ಕೆ. ಬಿ. ಆರ್. ಡ್ರಾಮಾ ಕಂಪನಿ ಹುಟ್ಟಿತು. ಅವರ ಮಗಳು ಚಿಂದೋಡಿ ಲೀಲಾ ಅದನ್ನು ಊರೂರಿಗೆ ಕೊಂಡೊಯ್ದರು. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಅವರಂತಹ ನಟಿಯರು ಬೆಳೆದದ್ದು ಇಂತಹ ಕಂಪನಿಗಳ ರಂಗದಲ್ಲಿಯೇ. ಕಂಪನಿ ಊರಿಗೆ ಬಂದರೆ ಮೊದಲು ಬೇಕಾದದ್ದು ಒಂದು ಬಯಲು. ಪುರಸಭೆಯಿಂದ ಪರವಾನಗಿ ಪಡೆದು, ಸುತ್ತಲೂ ತಗಡು ನಿಲ್ಲಿಸಿ, ಮೇಲೆ ಹೊದಿಕೆ ಹಾಕಿ, ಒಳಗೆ ಕುರ್ಚಿ, ಬೆಂಚು, ನೆಲ ಎಂದು ದರ್ಜೆ ಮಾಡಿ ತಿಂಗಳುಗಟ್ಟಲೆ ಕ್ಯಾಂಪು ಮಾಡುವರು. ಆಮೇಲೆ ತಗಡು, ಪರದೆ, ಬಟ್ಟೆಯ ಪೆಟ್ಟಿಗೆಗಳೆಲ್ಲ ಲಾರಿ ಹತ್ತಿ ಮುಂದಿನ ಊರಿಗೆ ಹೋಗುವುವು. ಟೂರಿಂಗ್ ಟಾಕೀಸುಗಳೂ ಹೀಗೆಯೇ ಬಂದು ಹೋದುವು. ಹಡಗಲಿಯಲ್ಲಿ ಎಂ. ಪಿ. ಪ್ರಕಾಶರು ಕಟ್ಟಿದ ರಂಗಭಾರತಿಯಾಗಲಿ, ಹಗರಿಬೊಮ್ಮನಹಳ್ಳಿಗೆ ಸಮೀಪದ ಮರಿಯಮ್ಮನಹಳ್ಳಿಯ ಕಲಾವಿದರ ಬಳಗವಾಗಲಿ ಆಕಸ್ಮಿಕವಾಗಿ ಹುಟ್ಟಿದುವಲ್ಲ. 2021ರಲ್ಲಿ ಪದ್ಮಶ್ರೀ ಪಡೆದ ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರು ಅದೇ ಮರಿಯಮ್ಮನಹಳ್ಳಿಯವರು. ನಾಟಕ, ಕುಣಿತಗಳನ್ನು ಬಯಲಿನಲ್ಲಿ ಕುಳಿತು ನೋಡಿದ ತಲೆಮಾರುಗಳು ಈ ಸೀಮೆಯಲ್ಲಿ ಆಗಿಹೋಗಿವೆ.

ಮೈಲಾರದ ಮಾತು ಬೇರೆ. ಹಡಗಲಿ ತಾಲ್ಲೂಕಿನ ಆ ಊರಿನ ಡೆಂಕನಮರಡಿಯಲ್ಲಿ ಭರತ ಹುಣ್ಣಿಮೆಯ ಆಸುಪಾಸಿಗೆ ಲಕ್ಷಗಟ್ಟಲೆ ಜನ ಬಂಡಿ ಕಟ್ಟಿಕೊಂಡು ಬಂದು ಬೀಡು ಬಿಡುತ್ತಾರೆ. ಅಲ್ಲಿ ಎಬ್ಬಿಸುವ ಕಟ್ಟಡವೆಂದರೆ ಒಂದು ಎತ್ತರವಾದ ಬಿಲ್ಲು, ಅಷ್ಟೆ. ಗೊರವಯ್ಯ ಅದನ್ನೇರಿ ಸದ್ದು ಅಡಗಿಸಿ ಒಂದೇ ಒಂದು ಮಾತು ಕಾರಣಿಕ ನುಡಿದು ಕೆಳಕ್ಕೆ ಬೀಳುತ್ತಾನೆ. ಕೆಳಗಿದ್ದವರು ಅವನನ್ನು ಹಿಡಿದುಕೊಳ್ಳುತ್ತಾರೆ. ಕೊಟ್ಟೂರಿನ ಗುರು ಕೊಟ್ಟೂರೇಶ್ವರರ ರಥೋತ್ಸವಕ್ಕೆ ದಾವಣಗೆರೆಯಿಂದಲೂ ಅದರಾಚೆಯಿಂದಲೂ ನಡೆದು ಬರುವವರಿಗಾಗಿ ದಾರಿಯುದ್ದಕ್ಕೂ ಚಪ್ಪರಗಳು ಏಳುತ್ತವೆ. ಒಂದರಲ್ಲಿ ನೀರು, ಮಜ್ಜಿಗೆ, ಇನ್ನೊಂದರಲ್ಲಿ ಊಟ, ಮತ್ತೊಂದರಲ್ಲಿ ಕಾಲು ಚಾಚಲು ನೆರಳು. ಚಪ್ಪರ ಹಾಕಿದವರು ಬಂದವರ ಊರುಕೇರಿ ವಿಚಾರಿಸುತ್ತ ಕೂಡುವುದಿಲ್ಲ.

ಇಷ್ಟೆಲ್ಲ ಹೇಳಿದುದರ ಉದ್ದೇಶ ಒಂದೇ. ಪಟ್ಟಣದ ಬಯಲು ಎಲ್ಲರದಾಗಿ ಉಳಿಯುವುದು ಅದರ ಮೇಲೆ ಕಟ್ಟುವುದೆಲ್ಲ ಬಿಚ್ಚಿಹೋಗುವುದರಿಂದ. ಇಂದು ಯಕ್ಷನೋ ರಾಜನೋ ಕುಣಿದ ನೆಲದಲ್ಲಿ ನಾಳೆ ಕುರಿಸಂತೆ, ನಾಡಿದ್ದು ಮದುವೆ, ಆಚೆಯ ವಾರ ಒಂದು ರಾಜಕೀಯ ಸಭೆ, ಅದರ ಮರುವಾರ ಆ ಸಭೆಯನ್ನು ಖಂಡಿಸುವವರ ಸಭೆ. ಯಾರ ಹಂದರವೂ ನಿಲ್ಲುವುದಿಲ್ಲವಾದ್ದರಿಂದ ಯಾರೂ ಆ ನೆಲವನ್ನು ತಮ್ಮದೆನ್ನಲಾರರು. ಅಲ್ಲೊಂದು ಗಟ್ಟಿ ಕಟ್ಟಡ ಎದ್ದಿತೆನ್ನಿ. ಕಟ್ಟಡಕ್ಕೆ ಬಾಗಿಲು, ಬಾಗಿಲಿಗೆ ಬೀಗ; ಬೀಗದ ಕೈ ಯಾರೋ ಒಬ್ಬರ ಬಳಿ. ಆಮೇಲೆ ಬಾಡಿಗೆಯ ದರಪಟ್ಟಿ. ಸಮುದಾಯ ಭವನವೆಂಬ ಹೆಸರು ಹೊತ್ತ ಎಷ್ಟೋ ಕಟ್ಟಡಗಳು ನಾಡಿನ ಪಟ್ಟಣಗಳಲ್ಲಿ ಒಂದೊಂದು ಜಾತಿಯ ಹೆಸರನ್ನು ಹಣೆಯ ಮೇಲೆ ಬರೆದುಕೊಂಡಿವೆ. ಸಮುದಾಯವೆಂಬ ಮಾತಿನ ಅರ್ಥವೇ ಹೀಗೆ ಕಿರಿದಾಯಿತು. ಬಯಲಿಗೆ ಯಾರ ಹಣೆಬರಹವೂ ಇಲ್ಲ.

ಹಾಗೆಂದು ಹಿಂದಿನ ಬಯಲುಗಳೆಲ್ಲ ಸಮಾನತೆಯ ತಾಣಗಳಾಗಿದ್ದುವೆಂದು ಹೇಳಿದರೆ ಅದು ಸುಳ್ಳಾದೀತು. ಎಷ್ಟೋ ಊರುಗಳಲ್ಲಿ ದಲಿತರು ಆಟವನ್ನು ದೂರದಲ್ಲಿ ನಿಂತೇ ನೋಡಬೇಕಾಗಿತ್ತು. ಅಟ್ಟದ ಮುಂದಿನ ಜಾಗ ಊರ ಪ್ರಮುಖರದು. ಹೆಣ್ಣುಮಕ್ಕಳು ಒಂದು ಬದಿಗೆ. ಅಟ್ಟದ ಮೇಲಂತೂ ದ್ರೌಪದಿಯೂ ಗಂಡಸೇ. ನಾಟಕ ಕಂಪನಿಯ ಡೇರೆ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು ಎನ್ನಬೇಕು. ಅಲ್ಲಿ ಕೂಡುವ ಜಾಗವನ್ನು ಗೊತ್ತುಮಾಡುತ್ತಿದ್ದುದು ಕೈಯಲ್ಲಿದ್ದ ಚೀಟಿ, ಹುಟ್ಟಿದ ಕೇರಿಯಲ್ಲ. ಆದರೆ ಚೀಟಿಗೆ ಹಣ ಬೇಕು. ಹಣವಿಲ್ಲದವನು ತಗಡಿನ ತೂತಿನಲ್ಲಿ ಇಣುಕಬೇಕು. ಹೀಗೆ ಒಂದೊಂದು ವ್ಯವಸ್ಥೆಯಲ್ಲಿ ಒಂದೊಂದು ಕುಂದು. ಬಯಲಿನ ಕುಂದನ್ನು ತಿದ್ದುವುದು ಮಾತ್ರ ಸುಲಭ: ಕೂಡುವ ಸಾಲನ್ನು ಬದಲಿಸಿದರೆ ಆಯಿತು. ಕಲ್ಲಿನಲ್ಲಿ ಕಟ್ಟಿದ ಸಾಲನ್ನು ಬದಲಿಸುವುದು ಕಷ್ಟ.

ಇನ್ನೊಂದು ಆಕ್ಷೇಪ ಬಹಳ ಗಂಭೀರವಾದುದು. ಇಂತಹ ಕಟ್ಟಡಗಳು ಪ್ರಾಣಕ್ಕೆ ಸಂಚಕಾರ ತಂದಿವೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ತಗುಲಿ 90ಕ್ಕಿಂತ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಮಂದಿ ಮಕ್ಕಳು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯೊಂದರ ಸಮಾರಂಭದ ಶಾಮಿಯಾನ ಹತ್ತಿ ಉರಿದು 400ಕ್ಕಿಂತ ಹೆಚ್ಚು ಜನ ಸುಟ್ಟುಹೋದರು. ಕೊಟ್ಟೂರಿನ ತೇರು 2017ರ ಫೆಬ್ರವರಿಯಲ್ಲಿ ರಥೋತ್ಸವದ ವೇಳೆಯಲ್ಲಿಯೇ ಉರುಳಿಬಿದ್ದುದನ್ನು ಈ ಸೀಮೆಯ ಜನ ಮರೆತಿಲ್ಲ. ತೇರು ಡೇರೆಯಲ್ಲ, ನಿಜ. ಆದರೆ ಅದೂ ವರ್ಷಕ್ಕೊಮ್ಮೆ ಸಿಂಗರಿಸಿ ನಿಲ್ಲಿಸುವ ಮರದ ಕಟ್ಟಡವೇ. ನಾಲ್ಕು ದಿನ ಇರುವುದಕ್ಕೆ ಇಷ್ಟು ಸಾಕು ಎಂಬ ಉದಾಸೀನ ಅನರ್ಥಕ್ಕೆ ದಾರಿ. ಬೇಗ ಉರಿಯುವ ಬಟ್ಟೆ ಕೂಡದು. ಹೊರಗೆ ಹೋಗುವ ದಾರಿಗಳು ಒಂದಕ್ಕಿಂತ ಹೆಚ್ಚಾಗಿರಬೇಕು. ಒಲೆ ಹಂದರದ ಹೊರಗಿರಬೇಕು. ವಿದ್ಯುತ್ತಿನ ತಂತಿಯನ್ನು ಬಲ್ಲವರು ಎಳೆಯಬೇಕು. ಇವು ಕಷ್ಟದ ನಿಯಮಗಳಲ್ಲ. ಅಟ್ಟ ಕಟ್ಟುತ್ತಿದ್ದ ಹಿರಿಯರು ಕಂಬವನ್ನು ನಾಲ್ಕು ಸಲ ಅಲುಗಿಸಿ ನೋಡದೆ ಹಲಗೆ ಹಾಸುತ್ತಿರಲಿಲ್ಲ. ಧ್ವನಿವರ್ಧಕಗಳ ವಿಷಯದಲ್ಲಿಯೂ ಒಂದು ಮಾತು ಸಲ್ಲುತ್ತದೆ. ರಾತ್ರಿ ಹತ್ತರ ಮೇಲೆ ಅವುಗಳನ್ನು ಹಾಕಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ರಾತ್ರಿಯಿಡೀ ನಡೆಯುವ ಆಟಕ್ಕೆ ಇದರಿಂದ ತೊಡಕಾಯಿತೆಂದು ಹೇಳುವವರುಂಟು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ದೊಡ್ಡಾಟದವರ ಕಂಠ ಬಯಲಿನ ಕೊನೆಯ ಕಂಬಳಿಯವರೆಗೂ ಮುಟ್ಟುತ್ತಿದ್ದುದು ಹೇಗೆ ಎಂಬುದನ್ನು ಅವರು ಯೋಚಿಸಬೇಕು.

ಕೆಲವು ದಿನಗಳಿಗಾಗಿ ಕಟ್ಟಿದುದು ಕೀಳೆಂಬ ಭಾವನೆ ಸರಿಯಲ್ಲವೆಂಬುದಕ್ಕೆ ದೊಡ್ಡ ನಿದರ್ಶನಗಳಿವೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನೆರೆಯಿತು. ಊರ ಹೊರಗಿನ ಬಯಲಿನಲ್ಲಿ ಒಂದು ನಗರವನ್ನೇ ಎಬ್ಬಿಸಿದರು. ಅದಕ್ಕೆ ಇಟ್ಟ ಹೆಸರು ವಿಜಯನಗರ. ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರವೆಂದು ಹೆಸರಿಟ್ಟರು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಕೇಳಿಬಂದದ್ದು ಆ ಹಂದರದಲ್ಲಿಯೇ. ಕನ್ನಡ ನಾಡು ಒಂದಾಗಬೇಕೆಂಬ ಆಸೆ ಬಲಗೊಂಡದ್ದು ಹೀಗೆ ಬಿದಿರು ಬಟ್ಟೆಗಳ ಒಂದು ಊರಿನಲ್ಲಿ. ಬಾವಿಯೊಂದುಳಿದಿದೆ, ಊರು ಬಿಚ್ಚಿಹೋಯಿತು.

ಲಂಡನ್ನಿನಲ್ಲಿಯೂ ಇಂತಹದೇ ಒಂದು ಪ್ರಸಂಗ ನಡೆದಿತ್ತು. 1851ರ ಮಹಾಪ್ರದರ್ಶನಕ್ಕಾಗಿ ಹೈಡ್ ಪಾರ್ಕಿನಲ್ಲಿ ಜೋಸೆಫ್ ಪ್ಯಾಕ್ಸ್ಟನ್ ಎಂಬ ತೋಟಗಾರ ಗಾಜು ಮತ್ತು ಕಬ್ಬಿಣಗಳ ಸ್ಫಟಿಕ ಭವನವನ್ನು ರಚಿಸಿದ. ಸಾರ್ವಜನಿಕ ಉದ್ಯಾನ ಶಾಶ್ವತವಾಗಿ ಕೈಬಿಟ್ಟುಹೋದೀತೆಂದು ಜನ ಗದ್ದಲ ಮಾಡಿದರು; ಅಲ್ಲಿದ್ದ ದೊಡ್ಡ ಮರಗಳನ್ನು ಕಡಿಯಬಾರದೆಂದು ಹಟ ಹಿಡಿದರು. ಮರಗಳನ್ನು ಒಳಗೇ ಬಿಟ್ಟುಕೊಂಡು ಭವನ ಎದ್ದಿತು. ಅರವತ್ತು ಲಕ್ಷ ಸಲ ಜನ ಅದರೊಳಗೆ ಹೊಕ್ಕು ಬಂದರು. ಪ್ರದರ್ಶನ ಮುಗಿದ ಮೇಲೆ ಕೊಟ್ಟ ಮಾತಿನಂತೆ ಅದನ್ನು ಬಿಚ್ಚಿ ಬೇರೊಂದೆಡೆಗೆ ಒಯ್ದರು. ಹೈಡ್ ಪಾರ್ಕು ಉದ್ಯಾನವಾಗಿಯೇ ಉಳಿಯಿತು.

ಈಗ ತಾಲ್ಲೂಕು ಪಟ್ಟಣಗಳು ಬೆಳೆಯುತ್ತಿವೆ. ಕೊಟ್ಟೂರು ತಾಲ್ಲೂಕು ಕೇಂದ್ರವಾದದ್ದು ಈಚೆಗೆ. ಹೊಸ ಕಚೇರಿ, ಹೊಸ ಮಳಿಗೆ, ಹೊಸ ಬಡಾವಣೆಗಳಿಗೆ ನೆಲ ಬೇಕು. ಆಗ ಎಲ್ಲರ ಕಣ್ಣು ಬೀಳುವುದು ಆ 'ಖಾಲಿ ಜಾಗ'ದ ಮೇಲೆ. ಅದಕ್ಕೆ ಒಡೆಯನಿಲ್ಲ, ಕೇಳುವವರಿಲ್ಲ ಎಂದು ಭಾವಿಸುವುದು ಸುಲಭ. ಆದರೆ ಕಾನೂನು ಹಾಗೆ ಭಾವಿಸುವುದಿಲ್ಲ. ಉದ್ಯಾನ, ಆಟದ ಬಯಲು, ತೆರೆದ ಸ್ಥಳಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರಲ್ಲಿಯೇ ಅಧಿನಿಯಮವೊಂದು ಬಂದಿದೆ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ನೆಲವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮಂಜೂರಾತಿ ಸಲ್ಲದೆಂದು ತೀರ್ಪಿತ್ತಿತು. ಆಸ್ಪತ್ರೆ ಒಳ್ಳೆಯದಲ್ಲವೆ ಎಂದು ಕೇಳಬಹುದು. ಒಳ್ಳೆಯದೇ, ಆದರೆ ತೆರೆದ ನೆಲವೂ ಊರಿನ ಆರೋಗ್ಯಕ್ಕೆ ಬೇಕಾದುದೇ.

ಹಾಗಾದರೆ ಪಟ್ಟಣಗಳು ಮಾಡಬೇಕಾದುದೇನು? ದೊಡ್ಡ ಖರ್ಚಿನ ಕೆಲಸವೇನೂ ಇಲ್ಲ. ಊರಿಗೊಂದು ಬಯಲನ್ನು ಗೊತ್ತುಮಾಡಿ, ಅಲ್ಲಿ ಕೆಲವು ದಿನ ಮೀರಿ ಯಾವ ಕಟ್ಟಡವೂ ನಿಲ್ಲಕೂಡದೆಂದು ನಿಯಮ ಮಾಡಬೇಕು. ಕಂಬ ನೆಡಲು ಅಲ್ಲಲ್ಲಿ ಗಟ್ಟಿಯಾದ ಕುಳಿಗಳು, ಮುಚ್ಚಿಡಲು ಅವುಗಳಿಗೆ ಒಂದೊಂದು ಬಿಲ್ಲೆ. ನೀರಿನ ನಲ್ಲಿ, ವಿದ್ಯುತ್ತಿನ ಒಂದು ಕಂಬ. ಗಂಡಸರಿಗೂ ಹೆಂಗಸರಿಗೂ ಶೌಚಾಲಯ. ಅಂಚಿನಲ್ಲಿ ಬೇವು, ಹೊಂಗೆಯ ಸಾಲು. ಇಷ್ಟಿದ್ದರೆ ಉಳಿದುದನ್ನು ಜನ ತಾವೇ ಕಟ್ಟಿಕೊಳ್ಳುತ್ತಾರೆ. ಕಟ್ಟುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಬಾಡಿಗೆ ದೊಡ್ಡ ಕಂಪನಿಗೆ ಒಂದು, ಕೇರಿಯ ಹುಡುಗರ ನಾಟಕಕ್ಕೆ ಇನ್ನೊಂದು ಇರಲಿ. ಸುತ್ತಲೂ ಗೋಡೆ ಕಟ್ಟಿ ಬಾಗಿಲಿಗೆ ಬೀಗ ಹಾಕುವ ಆಲೋಚನೆ ಮಾತ್ರ ಬೇಡ.

ಮಂಗಳವಾದ ಬಳಿಕ ಅಟ್ಟವನ್ನು ಬಿಚ್ಚುವ ಹಳೆಯ ಕ್ರಮದಲ್ಲಿ ಒಂದು ಅಚ್ಚುಕಟ್ಟಿತ್ತು. ಮುಖದ ಬಣ್ಣ ಇನ್ನೂ ಪೂರ್ತಿ ಅಳಿಸಿರದ ಪಾತ್ರಧಾರಿಗಳೂ ಕೈಹಾಕುತ್ತಿದ್ದರು. ಹಲಗೆ ಹಲಗೆಯವರಿಗೆ, ತೊಲೆ ತೊಲೆಯವರಿಗೆ ಹೋಗಿ ಮುಟ್ಟಿದ ಮೇಲೆ ಕಂಬ ನೆಟ್ಟ ಕುಳಿಗಳನ್ನು ಮಣ್ಣು ತುಂಬಿ ತುಳಿಯುತ್ತಿದ್ದರು. ದನದ ಕಾಲು ಮುರಿಯಬಾರದಷ್ಟೆ. ಈಗ ಪರವಾನಗಿಯ ಕಾಗದದಲ್ಲಿ ಬಾಡಿಗೆಯ ಮೊತ್ತ ಇರುತ್ತದೆ, ದಿನಗಳ ಲೆಕ್ಕ ಇರುತ್ತದೆ. ಕುಳಿ ಮುಚ್ಚುವ ಹೊಣೆ ಯಾರದೆಂಬ ಒಂದು ಸಾಲನ್ನೂ ಅದರಲ್ಲಿ ಸೇರಿಸಬೇಕು.